ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಹೈದರಾಲಿ ಮೇಲೇರಿದ ದಾರಿ

ಹೈದರಾಲಿಯ ಎಳವೆ ಮತ್ತು ಅವನು ಶ್ರೀರಂಗಪಟ್ಟಣದ ಅಧಿಕಾರ ಹಿಡಿದ ಬಗೆಯನ್ನು ಕುರಿತು ಹಲವು ಪತ್ರಗಳು ಬಂದಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ. ಇಂಗ್ಲಿಷರೊಡನೆ ಆದ ಯುದ್ಧಗಳ ಪ್ರಶ್ನೆಗಳನ್ನು ಈ ಸಲ ತೆಗೆದುಕೊಂಡಿಲ್ಲ.

ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲೋ ದೇವನಹಳ್ಳಿಯಲ್ಲೋ? ಹುಟ್ಟಿದ ವರ್ಷ ಒಂದು ಕಡೆ 1720, ಇನ್ನೊಂದು ಕಡೆ 1722 ಎಂದಿದೆ. ಯಾವುದು ಸರಿ? (ಬಂಗಾರಪೇಟೆಯ ಓದುಗರು)

ಬೂದಿಕೋಟೆ, ಅಂದರೆ ನಿಮ್ಮ ತಾಲ್ಲೂಕೇ. ದೇವನಹಳ್ಳಿ ಟಿಪ್ಪು ಹುಟ್ಟಿದ ಊರು. ಎರಡೂ ಊರು ಒಂದೇ ಮನೆತನದ ಕಥೆಯಲ್ಲಿ ಬರುವುದರಿಂದ ಈ ಗೊಂದಲ ಪದೇ ಪದೇ ಆಗುತ್ತದೆ.

ವರ್ಷದ ವಿಷಯದಲ್ಲಿ 1720ರಿಂದ 1722ರವರೆಗೆ ಮೂರು ಲೆಕ್ಕಗಳಿವೆ. ಕಾರಣ ಸರಳ. ಹುಟ್ಟಿದಾಗ ಅವನು ಯಾರಿಗೂ ದೊಡ್ಡವನಲ್ಲ, ಯಾರೂ ಬರೆದಿಡಲಿಲ್ಲ. ಅವನು ನವಾಬನಾದ ಮೇಲೆ ವಂಶದ ಚರಿತ್ರೆ ಬರೆದವರು ವಯಸ್ಸನ್ನು ಹಿಂದಕ್ಕೆ ಎಣಿಸಿದರು. ‘ಸುಮಾರು 1721’ ಎಂದು ಬರೆದರೆ ಯಾವ ಮೇಷ್ಟರೂ ತಪ್ಪು ಹಾಕುವಂತಿಲ್ಲ.

ಮನೆತನ ಕಲಬುರಗಿ ಕಡೆಯ ಆಳಂದದಲ್ಲಿ ನೆಲೆಸಿತ್ತು. ಅಲ್ಲಿಂದ ಹೊಟ್ಟೆಪಾಡಿಗಾಗಿ ಸಿರಾಕ್ಕೂ ಆಮೇಲೆ ಕೋಲಾರಕ್ಕೂ ಬಂತು. ಆಗ ಸಿರಾ ಎಂದರೆ ಈಗಿನ ತಾಲ್ಲೂಕು ಕೇಂದ್ರವಲ್ಲ, ಮೊಗಲರು 1687ರಿಂದ ಕಟ್ಟಿ ಆಳುತ್ತಿದ್ದ ಒಂದು ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ. ಹೈದರನ ತಂದೆ ಫತ್ತೆ ಮಹಮ್ಮದ್ ಸಾಮಾನ್ಯ ಸಿಪಾಯಿಯಾಗಿ ಸೇರಿ, ಸಿರಾದ ಸುಬೇದಾರನ ಕೈಕೆಳಗೆ ಕೋಲಾರದ ಫೌಜುದಾರ, ಅಂದರೆ ಸೀಮೆಯ ದಂಡಾಧಿಕಾರಿ, ಆದ. ಬೂದಿಕೋಟೆ ಅವನಿಗೆ ಜಹಗೀರಾಗಿ ಸಿಕ್ಕಿತು. ಜಹಗೀರು ಎಂದರೆ ಭೂಮಿಯ ಒಡೆತನ ಅಂದುಕೊಳ್ಳಬೇಡಿ. ಆ ಸೀಮೆಯ ಕಂದಾಯ ಎತ್ತಿ, ಅದರಲ್ಲಿ ಇಂತಿಷ್ಟು ಕುದುರೆ, ಇಂತಿಷ್ಟು ಆಳು ಸಾಕಿ ಕರೆದಾಗ ಹಾಜರಾಗು ಎಂಬ ಷರತ್ತಿನ ಹಕ್ಕು ಅದು. ಕೊಟ್ಟವನು ಹೋದರೆ ಹಕ್ಕೂ ಹೋಯಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಅರ್ಥವಾಗುತ್ತದೆ.

ಹುಡುಗನಾಗಿದ್ದಾಗ ಅವನನ್ನು ನಗಾರಿಯೊಳಗೆ ತುರುಕಿ ಹಿಂಸಿಸಿದರೆಂಬ ಕಥೆ ಕೇಳಿದ್ದೇವೆ. ನಿಜವೇ? ಓದು ಬರಹ ಬಾರದ್ದಕ್ಕೆ ಇದೇ ಕಾರಣವೇ? (ದೊಡ್ಡಬಳ್ಳಾಪುರ)

ಸಿರಾದ ಸುಬೇದಾರಿಕೆಗಾಗಿ ಇಬ್ಬರು ಕಾದಾಡಿದಾಗ ಫತ್ತೆ ಮಹಮ್ಮದ್ ಸೋತ ಕಡೆಯಲ್ಲಿದ್ದ. ಕಾಳಗದಲ್ಲೇ ಸತ್ತ. ಸಾಮಾನ್ಯವಾಗಿ ಹೇಳುವ ವರ್ಷ 1728. ಆಗ ಹೈದರನಿಗೆ ಏಳರ ಆಸುಪಾಸು, ಅಣ್ಣ ಶಹಬಾಜ್ ಎರಡು ವರ್ಷ ದೊಡ್ಡವನು. ಆ ಹೊತ್ತಿಗೆ ಸಂಸಾರ ದೊಡ್ಡಬಳ್ಳಾಪುರದಲ್ಲಿತ್ತು. ಊರನ್ನು ಹಿಡಿದಿದ್ದ ಅಬ್ಬಾಸ್ ಕುಲಿ ಖಾನ್, ಸತ್ತವನು ಸರ್ಕಾರಕ್ಕೆ ಬಾಕಿ ಉಳಿಸಿಕೊಂಡಿದ್ದಾನೆ ಎಂದು ಲೆಕ್ಕ ತೆಗೆದ. ಮನೆಯಲ್ಲಿದ್ದ ಪಾತ್ರೆಪಗಡೆ, ಒಡವೆ ಎಲ್ಲ ಹೋಯಿತು. ಇನ್ನೂ ಎಲ್ಲಾದರೂ ಬಚ್ಚಿಟ್ಟಿದ್ದಾರೇನೋ ಎಂದು ಇಬ್ಬರು ಹುಡುಗರನ್ನು ನಗಾರಿಯಲ್ಲಿ ಕೂರಿಸಿ, ಮೇಲೆ ಚರ್ಮ ಬಿಗಿದು ಬಾರಿಸಿದರು ಎಂಬುದು ಕಥೆ. ಚರಿತ್ರೆಗಾರರು ಇದನ್ನು ದಾಖಲಿಸಿದ್ದಾರೆ. ನಗಾರಿಯ ವಿವರವನ್ನು ನೀವು ನಂಬಬಹುದು, ಬಿಡಬಹುದು. ಆದರೆ ಸತ್ತ ಸಿಪಾಯಿಯ ಹೆಸರಿನಲ್ಲಿ ಬಾಕಿ ತೋರಿಸಿ ಹೆಂಡತಿ ಮಕ್ಕಳನ್ನು ದೋಚುವುದು ಆ ಕಾಲದಲ್ಲಿ ಮಾಮೂಲಾಗಿತ್ತು. 1761ರಲ್ಲಿ ಹೈದರ್ ದೊಡ್ಡಬಳ್ಳಾಪುರದತ್ತ ಬಂದಾಗ ಇದೇ ಅಬ್ಬಾಸ್ ಕುಲಿ ಖಾನ್ ಊರು ಬಿಟ್ಟು ಮದರಾಸಿಗೆ ಓಡಿದ. ಆದ್ದರಿಂದ ಏನೋ ಒಂದು ದೊಡ್ಡ ಅನ್ಯಾಯ ಆಗಿದ್ದದ್ದು ಖಂಡಿತ.

ತಾಯಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಬಂದಳು. ಅವಳ ತಮ್ಮ ಇಬ್ರಾಹಿಂ ಸಾಹೇಬ ಅಲ್ಲಿನ ಕಿಲ್ಲೇದಾರನ (ಕೋಟೆಯ ಅಧಿಕಾರಿಯ) ಕೈಕೆಳಗೆ ಇದ್ದ. ಮನೆಯಲ್ಲಿ ಓದಿಸುವಂಥ ಸ್ಥಿತಿ ಇರಲಿಲ್ಲ. ಹೈದರ್ ಕೊನೆವರೆಗೂ ಓದು ಬರಹ ಕಲಿಯಲಿಲ್ಲ. ರುಜುವಿನ ಜಾಗದಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಗೀಚುತ್ತಿದ್ದ, ಅದೂ ತಲೆಕೆಳಗಾಗಿ. ಹಾಗೆಂದು ಅವನನ್ನು ಲೆಕ್ಕದಲ್ಲಿ ಮೋಸ ಮಾಡುವುದು ಸಾಧ್ಯವಿರಲಿಲ್ಲ. ಕೂಡುವುದು ಕಳೆಯುವುದನ್ನು ಮನಸ್ಸಿನಲ್ಲೇ ಮಾಡುತ್ತಿದ್ದ. ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿ ಐದೂ ಮಾತಾಡುತ್ತಿದ್ದ. ದುಭಾಷಿ ಇಲ್ಲದೆ ಯಾವ ಊರಿನ ಸಿಪಾಯಿಯ ಜತೆಗಾದರೂ ನೇರ ಮಾತಾಡಬಲ್ಲ ಸೇನಾಪತಿ ಆಗ ದಕ್ಷಿಣದಲ್ಲಿ ಎಷ್ಟು ಮಂದಿ ಇದ್ದರು?

ಅವನು ಪೇದೆಯಾಗಿ ಕೆಲಸ ಶುರುಮಾಡಿದನೇ? ಮೊದಲ ಹಣ ಎಲ್ಲಿಂದ ಬಂತು? (ವಿಜಯಪುರ, ದೇವನಹಳ್ಳಿ ತಾಲ್ಲೂಕು)

ಮೈಸೂರಿನ ನೌಕರಿಯಲ್ಲಿ ಮೊದಲು ಏರಿದವನು ಅಣ್ಣ ಶಹಬಾಜ್. 200 ಕುದುರೆ, 1,000 ಪೇದೆಗಳ ದಂಡು ಅವನದು. ಹೈದರ್ ಇಪ್ಪತ್ತೇಳರ ವಯಸ್ಸಿನವರೆಗೂ ಹುದ್ದೆಯಿಲ್ಲದೆ ಬೇಟೆ, ತಿರುಗಾಟದಲ್ಲಿ ಕಾಲ ಕಳೆದ. 1749ರಲ್ಲಿ ಮೈಸೂರಿನ ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದ. ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಹೈದರ್ ಅಲ್ಲಿಗೆ ಅಣ್ಣನ ದಂಡಿನೊಡನೆ ತಾನಾಗಿ ಹೋದವನು. ಅಪಾಯದ ಕಡೆ ಮುಂದೆ ನಿಲ್ಲುವ, ಗಾಬರಿಯಾಗದ ಈ ಆಳು ನಂಜರಾಜಯ್ಯನ ಕಣ್ಣಿಗೆ ಬಿದ್ದ. ಕೋಟೆ ಬಿದ್ದ ಮೇಲೆ ಅವನಿಗೆ 50 ಕುದುರೆ, 200 ಪೇದೆ, ಒಂದು ಕೋಟೆ ಬಾಗಿಲಿನ ಕಾವಲು ಮತ್ತು ದಂಡನ್ನು ಬೆಳೆಸಿಕೊಳ್ಳುವ ಅಪ್ಪಣೆ ಸಿಕ್ಕಿತು. ಮೇಲಿನ ಮೂರಕ್ಕಿಂತ ಕೊನೆಯದೇ ಬೆಲೆಬಾಳುವಂಥದ್ದು.

ಹಣ ಬಂದದ್ದು ಮರುವರ್ಷ, ಸೆಂಜಿಯ ಹತ್ತಿರ. ನಿಜಾಮ ನಾಸಿರ್ ಜಂಗನ ಪಾಳೆಯಕ್ಕೆ ನೆರವಾಗಿ ಹೋದ ಮೈಸೂರು ದಂಡಿನಲ್ಲಿ ಹೈದರ್ ಇದ್ದ. 1750ರ ಡಿಸೆಂಬರಿನಲ್ಲಿ ಫ್ರೆಂಚರು ಪಾಳೆಯದ ಮೇಲೆ ಬಿದ್ದರು. ನಾಸಿರ್ ಜಂಗನನ್ನು ಅವನ ಪಕ್ಷದಲ್ಲೇ ಇದ್ದ ಪಠಾಣ ನವಾಬರು ಕೊಂದರು. ಒಡೆಯನಿಲ್ಲದ ಪಾಳೆಯದಲ್ಲಿ ಖಜಾನೆ ಸಾಗುತ್ತಿತ್ತು. ಹೈದರನ ಬೇಡ ಪಂಗಡದ ಪೇದೆಗಳು ಆ ಗಲಾಟೆಯಲ್ಲಿ ಚಿನ್ನದ ನಾಣ್ಯ ಹೇರಿದ ಎರಡು ಒಂಟೆಗಳನ್ನು ಬೇರ್ಪಡಿಸಿ ದೇವನಹಳ್ಳಿಗೆ ಸಾಗಿಸಿಬಿಟ್ಟರು. ಜತೆಗೆ ಸುಮಾರು 300 ಕುದುರೆ, 500 ಬಂದೂಕು. ಆ ಯುದ್ಧದಲ್ಲಿ ಲೂಟಿ ಮಾಡದವರು ಇರಲಿಲ್ಲ. ಬೇರೆಯವರು ಸಿಕ್ಕಿದ್ದನ್ನು ಉಂಡುಟ್ಟು ಮುಗಿಸಿದರು. ಹೈದರ್ ಬಂದೂಕುಗಳನ್ನು ಆಳುಗಳ ಕೈಗೆ ಕೊಟ್ಟು, ಫ್ರೆಂಚ್ ದಂಡಿನಿಂದ ತಪ್ಪಿಸಿಕೊಂಡು ಬಂದ ಕೆಲವರನ್ನು ಕವಾಯತು ಕಲಿಸಲು ಇಟ್ಟುಕೊಂಡ.

1755ರ ಹೊತ್ತಿಗೆ ಅವನ ಕೈಕೆಳಗೆ ಸಾವಿರಾರು ದಂಡಾಳುಗಳಿದ್ದರು ಎಂದು ಓದಿದೆ. ಒಬ್ಬ ಸಣ್ಣ ಸರದಾರ ಅಷ್ಟು ಮಂದಿಗೆ ಸಂಬಳ ಕೊಟ್ಟದ್ದು ಹೇಗೆ? (ಮಂಡ್ಯ)

ಹೈದರನ ಇಡೀ ಕಥೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಅವನ ಶೌರ್ಯದ ಬಗ್ಗೆ ನೂರು ಕಡೆ ಬರೆದಿದ್ದಾರೆ. ಶೌರ್ಯವಿದ್ದ ಸರದಾರರು ಆ ಕಾಲದಲ್ಲಿ ಹಾದಿಬೀದಿಗೆ ಇದ್ದರು. ತಿಂಗಳ ಕೊನೆಗೆ ಸಿಪಾಯಿಯ ಕೈಗೆ ಕಾಸು ಮುಟ್ಟಿಸಬಲ್ಲವರು ಇರಲಿಲ್ಲ. ನಮ್ಮ ತಿಳಿವಳಿಕೆಯಲ್ಲಿ ಅವನ ಏಳಿಗೆಯ ಬೀಗದ ಕೈ ಇರುವುದು ಇಲ್ಲೇ.

ಮೊದಲು ಆಗಿನ ಪದ್ಧತಿ ನೋಡಿ. ಸರ್ಕಾರ ಸಿಪಾಯಿಗೆ ನೇರವಾಗಿ ಸಂಬಳ ಕೊಡುತ್ತಿರಲಿಲ್ಲ. ಸರದಾರನಿಗೆ ತಲೆಯೆಣಿಕೆಯ ಮೇಲೆ ಕೊಡುತ್ತಿತ್ತು. ಸವಾರರಲ್ಲಿ ಎರಡು ಬಗೆ. ಸ್ವಂತ ಕುದುರೆ ತಂದವನು ಸಿಲೆದಾರ, ಒಡೆಯನ ಕುದುರೆ ಏರಿದವನು ಬಾರ್ಗೀರ. ಸಿಲೆದಾರನ ಕುದುರೆ ಸತ್ತರೆ ನಷ್ಟ ಅವನದೇ, ನೌಕರಿಯೂ ಹೋದಂತೆ. ಹೀಗಾಗಿ ಅವನು ಕುದುರೆಯನ್ನು ಗುಂಡಿನ ಮುಂದೆ ಬಿಡುತ್ತಿರಲಿಲ್ಲ. ಬಾರ್ಗೀರನಿಗೆ ಆ ಅಂಜಿಕೆ ಇಲ್ಲ. ಹೈದರ್ ತಿರುಚಿನಾಪಳ್ಳಿಯ ಯುದ್ಧದ ವರ್ಷಗಳಲ್ಲಿ (1751–55) ತನ್ನ ಸ್ವಂತದ ಕುದುರೆಗಳನ್ನು ಕೂಡಿಸುತ್ತ ಹೋದ. ಒಂದೊಂದು ಕುದುರೆಗೂ ಸರ್ಕಾರ ಕೊಡುವ ಭತ್ಯೆಯಲ್ಲಿ ಮೇವು, ಸವಾರನ ಸಂಬಳ ಕಳೆದು ಉಳಿದದ್ದು ಅವನ ಗಂಟು.

ಎರಡನೆಯದು ಲೂಟಿ. ನಾಚಿಕೆಯ ಮಾತು, ಆದರೆ ಅದು ಗಲಾಟೆಯ ಲೂಟಿಯಲ್ಲ, ದಫ್ತರ ಇಟ್ಟು ಮಾಡಿದ ಲೂಟಿ. ಇಂಗ್ಲಿಷರ ಮತ್ತು ಆರ್ಕಾಟಿನ ನವಾಬ ಮಹಮ್ಮದಾಲಿಯ ಸಾಮಾನು ಸಾಗಾಟದ ಮೇಲೆ ಬೀಳಲು ಬೇಡ ಪಡೆಯವರನ್ನು ಬಿಡುತ್ತಿದ್ದ. ತಂದದ್ದರಲ್ಲಿ ಅರ್ಧ ತಂದವನಿಗೆ, ಅರ್ಧ ಹೈದರನಿಗೆ. ಎತ್ತು, ಧಾನ್ಯ, ಬಂದೂಕು, ಪೇಟ, ಓಲೆ ಯಾವುದೂ ಬೇಡ ಎನ್ನುವಂತಿಲ್ಲ, ಎಲ್ಲವೂ ಲೆಕ್ಕಕ್ಕೆ ಬರಬೇಕು. ಈ ಲೆಕ್ಕ ಇಟ್ಟವನು ಖಂಡೇರಾಯ ಎಂಬ ಬ್ರಾಹ್ಮಣ ಗುಮಾಸ್ತ. ಬಚ್ಚಿಟ್ಟುಕೊಳ್ಳಲು ಸಂದು ಸಿಗದಂತೆ ತಾಳೆ ನೋಡುವ ಕ್ರಮವನ್ನು ಅವನು ಕಟ್ಟಿದ. ಓದು ಬಾರದ ಹೈದರ್, ಬರಹದ ಖಂಡೇರಾಯ. ಈ ಜೋಡಿಯನ್ನು ಮರೆಯಬೇಡಿ.

1755ರಲ್ಲಿ ತಿರುಚಿನಾಪಳ್ಳಿಯಿಂದ ಮೈಸೂರು ಸೇನೆ ಬರಿಗೈಯಲ್ಲಿ ಮರಳಿತು. ಹೈದರ್ ಮಾತ್ರ 1,500 ಕುದುರೆ, 3,000 ಕವಾಯತು ಕಲಿತ ಕಾಲಾಳುಗಳೊಡನೆ ನಿಂತಿದ್ದ. ಅವನಿಗೆ ದಿಂಡಿಗಲ್ಲಿನ ಫೌಜುದಾರಿಕೆ ಸಿಕ್ಕಿತು. ಪಾಳೆಯಗಾರರು ಪೊಗದಿ (ಕಪ್ಪ) ಕೊಡದೆ ಸೆಟೆದುಕೊಂಡಿದ್ದ ಸೀಮೆ ಅದು. ಹೈದರ್ ಅವರನ್ನು ಬಗ್ಗಿಸಿ ವಸೂಲು ಮಾಡಿದ. ಫ್ರೆಂಚ್ ಕಸುಬುದಾರರನ್ನು ಕರೆಸಿ ತೋಪು (ಫಿರಂಗಿ), ಬಂದೂಕಿನ ಕಾರ್ಖಾನೆ ಹಾಕಿದ. ಖಂಡೇರಾಯನನ್ನು ಶ್ರೀರಂಗಪಟ್ಟಣದಲ್ಲಿ ತನ್ನ ವಕೀಲನಾಗಿ, ಅಂದರೆ ಪ್ರತಿನಿಧಿಯಾಗಿ, ಇರಿಸಿದ.

ಮೂರನೆಯದು ಹಾಜರಿ ಮೋಸ. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ (ಇಂಗ್ಲಿಷ್ ಕಂಪನಿಯ ಪ್ರತಿನಿಧಿ) ಮಾರ್ಕ್ ವಿಲ್ಕ್ಸ್ ಇದನ್ನು ದಾಖಲಿಸಿದ್ದಾನೆ. ಹೈದರನ ಶತ್ರುಪಕ್ಷದವನು ನಿಜ, ಆದರೆ ಹೈದರನ ಕಾಲ ಕಂಡವರನ್ನು ಕೂರಿಸಿಕೊಂಡು ಕೇಳಿ ಬರೆದವನು. ರಾಜಧಾನಿಯಿಂದ ಬಂದ ತನಿಖೆಯವರ ಮುಂದೆ ದಂಡು ಸಾಲಾಗಿ ಹಾದುಹೋಗಬೇಕು. ಎಣಿಸಿಕೊಂಡ ತಂಡ ಮರೆಯಲ್ಲಿ ಸುತ್ತಿ ಬಂದು ಮತ್ತೆ ಸಾಲು ಸೇರುತ್ತಿತ್ತು. 10,000 ಮಂದಿ 18,000 ಆದರು. ಇನ್ನೊಮ್ಮೆ ಕಾಳಗದಲ್ಲಿ ನಿಜವಾಗಿ ಗಾಯಗೊಂಡವರು 67. ಅರಿಶಿನದಲ್ಲಿ ಅದ್ದಿದ ಬಟ್ಟೆಯನ್ನು ಕೈಕಾಲಿಗೆ ಸುತ್ತಿಸಿ 700 ಮಂದಿಯನ್ನು ಮಲಗಿಸಿದ. ವಾಸಿಯಾಗುವ ತನಕ ಒಬ್ಬೊಬ್ಬನಿಗೆ ತಿಂಗಳಿಗೆ 14 ರೂಪಾಯಿ ಮಂಜೂರಾಯಿತು. ನಿಜವಾಗಿ ಗಾಯಗೊಂಡವರಿಗೆ ಅವನು ಕೊಟ್ಟದ್ದು 7 ರೂಪಾಯಿ. ಗುಣಿಸಿ ನೋಡಿ: ಬಂದದ್ದು ತಿಂಗಳಿಗೆ 9,800, ಹೋದದ್ದು 469.

ಈ ಮೋಸ ಏಕೆ ಹಿಡಿಯಲಿಲ್ಲ ಎಂದರೆ, ತನಿಖೆಯವರ ಹತ್ತಿರ ಇದ್ದದ್ದು ಒಟ್ಟು ತಲೆಯೆಣಿಕೆ ಮಾತ್ರ. ಹೆಸರು, ಊರು, ಮುಖದ ಗುರುತು ಬರೆದ ಚಹರೆ ಪಟ್ಟಿಯೊಡನೆ ಒಬ್ಬೊಬ್ಬನನ್ನೂ ತಾಳೆ ನೋಡಿದ್ದರೆ ಒಂದೇ ದಿನದಲ್ಲಿ ಬಯಲಾಗುತ್ತಿತ್ತು.

ಅರಸರು ಇದ್ದರು, ಬಲಾಢ್ಯ ದಳವಾಯಿಗಳಿದ್ದರು. ಇಷ್ಟೆಲ್ಲ ಇದ್ದೂ ಒಬ್ಬ ಫೌಜುದಾರ ಅವರನ್ನು ಮೀರಿಸಿದ್ದು ಹೇಗೆ? (ನಂಜನಗೂಡು)

ಬಲಾಢ್ಯರು ಸಾಲಗಾರರಾಗಿದ್ದರು. ಅದೇ ಉತ್ತರ, ಆದರೆ ಬಿಡಿಸಿ ಹೇಳಬೇಕು.

ಇಮ್ಮಡಿ ಕೃಷ್ಣರಾಜ ಒಡೆಯರು 1734ರಲ್ಲಿ ಪಟ್ಟಕ್ಕೆ ಬಂದಾಗ ಚಿಕ್ಕ ಹುಡುಗ. ಅಧಿಕಾರ ನಡೆಸಿದವರು ನಿಮ್ಮ ನಂಜನಗೂಡಿನ ಹತ್ತಿರದ ಕಳಲೆ ಮನೆತನದ ಅಣ್ಣತಮ್ಮಂದಿರು: ದಳವಾಯಿ ದೇವರಾಜಯ್ಯ, ಸರ್ವಾಧಿಕಾರಿ ನಂಜರಾಜಯ್ಯ. ನಂಜರಾಜಯ್ಯ ಅರಸರಿಗೆ ಹೆಣ್ಣು ಕೊಟ್ಟ ಮಾವ. ಕನ್ನಡದಲ್ಲಿ ಪುರಾಣ ಕೃತಿಗಳನ್ನು ರಚಿಸಿದ ವಿದ್ಯಾವಂತ. ಅವನನ್ನು ಬರೀ ದುಷ್ಟನೆಂದು ಚಿತ್ರಿಸುವುದು ಸರಿಯಲ್ಲ. ಆದರೆ ಅವನ ಒಂದು ಹಟ ರಾಜ್ಯವನ್ನು ಬರಿದು ಮಾಡಿತು. ಯುದ್ಧದಲ್ಲಿ ನೆರವಾದರೆ ತಿರುಚಿನಾಪಳ್ಳಿಯನ್ನು ಬಿಟ್ಟುಕೊಡುತ್ತೇನೆಂದು ಮಹಮ್ಮದಾಲಿ ಮಾತು ಕೊಟ್ಟ, ಕೆಲಸ ಆದ ಮೇಲೆ ತಪ್ಪಿದ. ನಂಜರಾಜಯ್ಯ ಬಿಡಲಿಲ್ಲ, ಮೂರು ವರ್ಷಕ್ಕೂ ಮಿಕ್ಕಿ ಅಲ್ಲೇ ಕೂತ. ಒಂದು ಹಳ್ಳಿಯೂ ದಕ್ಕಲಿಲ್ಲ.

ಆಮೇಲಿನದು ಪೆಟ್ಟಿನ ಮೇಲೆ ಪೆಟ್ಟು. 1755ರಲ್ಲೇ ನಿಜಾಮ ಸಲಾಬತ್ ಜಂಗ್ ಫ್ರೆಂಚ್ ದಂಡಿನೊಡನೆ ಶ್ರೀರಂಗಪಟ್ಟಣದ ಮುಂದೆ ನಿಂತು 56 ಲಕ್ಷ ಕೇಳಿದ. ದೇವಸ್ಥಾನಗಳ ಬೆಳ್ಳಿ ಬಂಗಾರ, ಅರಮನೆಯ ಒಡವೆ ಕರಗಿಸಿದರೂ ಮೂರನೆಯ ಒಂದು ಪಾಲು ಹೊಂದಿತು, ಉಳಿದದ್ದಕ್ಕೆ ಸಾಹುಕಾರರು ಒತ್ತೆಯಾದರು. ಮರುವರ್ಷ ಅರಸರು ಅಣ್ಣತಮ್ಮಂದಿರ ಹಿಡಿತದಿಂದ ಬಿಡಿಸಿಕೊಳ್ಳಲು ನೋಡಿದಾಗ ನಂಜರಾಜಯ್ಯ ಅರಮನೆಯ ಬಾಗಿಲಿಗೇ ತೋಪು ಹೊಡೆಸಿದ. ಇದನ್ನು ಸಹಿಸದ ಅಣ್ಣ ದೇವರಾಜಯ್ಯ 1757ರಲ್ಲಿ ಸತ್ಯಮಂಗಲಕ್ಕೆ ಹೊರಟುಹೋದ. ಅದೇ ವರ್ಷ ಪೇಶ್ವೆ ಬಾಲಾಜಿ ಬಾಜಿರಾಯ ಬಂದು 32 ಲಕ್ಷಕ್ಕೆ ಒಪ್ಪಿಸಿದ. ಕೈಯಲ್ಲಿ 5 ಲಕ್ಷ ಕೊಟ್ಟು, ಉಳಿದದ್ದಕ್ಕೆ ನಾಗಮಂಗಲ, ಬೆಳ್ಳೂರು, ಕಿಕ್ಕೇರಿ, ಚನ್ನರಾಯಪಟ್ಟಣ, ಕಡೂರು, ಬಾಣಾವರ, ತುರುವೇಕೆರೆ ಮೊದಲಾದ ಸೀಮೆಗಳನ್ನು ಅಡವಿಡಬೇಕಾಯಿತು. ಅಡವಿಟ್ಟ ಸೀಮೆಯ ಕಂದಾಯ ನಿಂತರೆ ಸಿಪಾಯಿಯ ಸಂಬಳ ನಿಲ್ಲುತ್ತದೆ. 1758ರಲ್ಲಿ ಸೇನೆ ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕೂತಿತು.

ಆಗಿನ ಧರಣಿ ಈಗಿನಂತಲ್ಲ. ಕೂತವರು ಉಣ್ಣುವುದಿಲ್ಲ, ಮನೆಯೊಳಗಿನವರಿಗೂ ಅನ್ನ ನೀರು ಹೋಗಬಿಡುವುದಿಲ್ಲ.

ಆ ಸಂಕಟದಲ್ಲಿ ಕೈಹಾಕಿದವರು ಹೈದರ್ ಮತ್ತು ಖಂಡೇರಾಯ. ಮೊದಲು ಅಣ್ಣತಮ್ಮಂದಿರನ್ನು ರಾಜಿ ಮಾಡಿಸಿದರು. ಆಮೇಲೆ ದಂಡಿನ ಲೆಕ್ಕ ಹಿಡಿದರು. ಸುಳ್ಳು ಹಾಜರಿಗಳನ್ನು ಹೊಡೆದುಹಾಕಿದರು. ಆ ವಿದ್ಯೆ ಹೈದರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು! ನಗದು ಇಲ್ಲದ ಕಡೆ ಸರ್ಕಾರದ ಆನೆ, ಕುದುರೆ, ಸಾಮಾನುಗಳನ್ನೇ ಹಂಚಿದರು. 4,000 ಸವಾರರ ಬಾಕಿ ಚುಕ್ತಾ ಮಾಡಿ ಮನೆಗೆ ಕಳಿಸಿದರು. ಅಲ್ಲಿಂದಾಚೆಗೆ ಸಿಪಾಯಿಯ ದೃಷ್ಟಿಯಲ್ಲಿ ಸಂಬಳ ಕೊಡಿಸುವವನು ಹೈದರ್. ಬೆಂಗಳೂರು ಕೋಟೆ ಮತ್ತು ಸೀಮೆ ಅವನಿಗೆ ಜಹಗೀರಾಗಿ ಬಂದದ್ದೂ ಈ ವರ್ಷವೇ.

ಅಡವಿನ ಸೀಮೆಗಳಿಂದ ಮೈಸೂರಿನವರು ಮರಾಠರ ಅಧಿಕಾರಿಗಳನ್ನು ಓಡಿಸಿದ್ದರು. ಅದಕ್ಕೆ 1759ರಲ್ಲಿ ಗೋಪಾಲರಾಯನ ಮರಾಠ ಸೇನೆ ಬಂತು. ಹೈದರ್ ಚನ್ನಪಟ್ಟಣದ ಬಳಿ ಅದನ್ನು ತಿಂಗಳುಗಟ್ಟಲೆ ಕಾಡಿ, ಕೊನೆಗೆ ಹಳೆಯ 32 ಲಕ್ಷದ ಲೆಕ್ಕ ತೀರಿಸುವ ಒಪ್ಪಂದಕ್ಕೆ ತಂದ. ಹಣ ಸಾಹುಕಾರರು ಕೊಟ್ಟರು, ಆದರೆ ಹೈದರನ ಹೊಣೆಯ ಮೇಲೆ. ಅವರ ಸಾಲ ತೀರುವ ತನಕ ಬಿಡಿಸಿಕೊಂಡ ಸೀಮೆಗಳ ವಸೂಲಿ ಅವನದೇ. ಶ್ರೀರಂಗಪಟ್ಟಣಕ್ಕೆ ಮರಳಿದಾಗ ‘ಫತ್ತೆ ಹೈದರ್ ಬಹಾದ್ದೂರ್’ ಎಂಬ ಬಿರುದು ಸಿಕ್ಕಿತು. ಬಿರುದಿಗಿಂತ ದೊಡ್ಡ ಸಂಪಾದನೆ ಆ ವಸೂಲಿಯ ಹಕ್ಕು.

ಮತ್ತೆ ಸಂಬಳ ಬಾಕಿ ಬಿತ್ತು. ಜಮಾದಾರರು ಹೈದರನ ಬಳಿ ಬಂದರು. ‘ಕೊಡಬೇಕಾದವರು ನಂಜರಾಜಯ್ಯನವರು’ ಎಂಬುದು ಅವನ ಉತ್ತರ. ಅವರು ಅವನನ್ನೇ ಮುಂದೆ ಮಾಡಿಕೊಂಡು ಹೋಗಿ ನಂಜರಾಜಯ್ಯನ ಬಾಗಿಲಲ್ಲಿ ಕೂತರು. ಒತ್ತಾಯಕ್ಕೆ ಬಂದವನಂತೆ ಹೈದರನೂ ಧರಣಿಯಲ್ಲಿ ಕೂತ. ಇದರ ಹಿಂದೆ ಅರಮನೆಯ ದೊಡ್ಡ ರಾಣಿ ಮತ್ತು ಖಂಡೇರಾಯನ ಸಲಹೆ ಇತ್ತು. ನಂಜರಾಜಯ್ಯನಿಗೆ ಎಲ್ಲ ಅರ್ಥವಾಯಿತು. ಅಧಿಕಾರ ಬಿಟ್ಟು ಮೈಸೂರಿಗೆ ಹೋದ. ಆಮೇಲೆ ಅಲ್ಲಿಂದಲೂ ಎಬ್ಬಿಸಲ್ಪಟ್ಟು ಕಾವೇರಿ ದಂಡೆಯ ಕೊಣನೂರಿಗೆ ಸೇರಿದ.

1760ರ ಆಗಸ್ಟಿನಲ್ಲಿ ಹೈದರ್ ಶ್ರೀರಂಗಪಟ್ಟಣದಿಂದ ಓಡಿಹೋದನಂತೆ. ಅಷ್ಟು ಬಲವಿದ್ದವನು ಓಡಿದ್ದೇಕೆ? (ಶ್ರೀರಂಗಪಟ್ಟಣ)

ಬಲವಿತ್ತು, ಆದರೆ ಅಂದು ಹತ್ತಿರ ಇರಲಿಲ್ಲ. ದಂಡಿನ ಮುಖ್ಯ ಭಾಗವನ್ನು ಭಾವಮೈದುನ ಮಖ್ದೂಮ್ ಸಾಹೇಬನ ಕೈಗೆ ಕೊಟ್ಟು ಪುದುಚೇರಿಯ ಫ್ರೆಂಚರ ನೆರವಿಗೆ ಕಳಿಸಿದ್ದ. ಉಳಿದವರು ಸೀಮೆಗಳಲ್ಲಿ ಕಂದಾಯ ಎತ್ತಲು ಹಂಚಿಹೋಗಿದ್ದರು. ಮಳೆಗಾಲ ಬೇರೆ, ಕಾವೇರಿ ತುಂಬಿ ಹರಿಯುತ್ತಿತ್ತು. ರಾಜ್ಯದ ಅರ್ಧಕ್ಕಿಂತ ಹೆಚ್ಚು ಕಂದಾಯ ಹೈದರನ ಕೈಸೇರಿದ್ದರಿಂದ ಅರಮನೆಗೆ ಭಯ ಹುಟ್ಟಿತ್ತು. ನಂಜರಾಜಯ್ಯನಿಂದ ಬಿಡಿಸಿಕೊಂಡರೆ ಹೈದರ್ ಬಂದು ಕೂತ ಎಂಬ ದೊಡ್ಡ ರಾಣಿಯ ಸಂಕಟ ನಿಜವಾದದ್ದೇ. ಖಂಡೇರಾಯ ಈಗ ರಾಣಿಯ ಕಡೆಗೆ ತಿರುಗಿದ. ಹತ್ತಿರ ಓಡಾಡುತ್ತಿದ್ದ ವಿಸಾಜಿ ಪಂತನ ಮರಾಠ ದಂಡಿಗೂ ಹೇಳಿ ಕಳಿಸಿದ.

ಹೈದರನ ಬಿಡಾರ ದ್ವೀಪದಲ್ಲೇ, ಈಗ ದರಿಯಾ ದೌಲತ್ ಇರುವ ಕಡೆ, ಕೋಟೆಯ ತೋಪುಗಳ ಕೆಳಗೇ ಇತ್ತು. ಆಗಸ್ಟ್ 12ರ ಬೆಳಿಗ್ಗೆ ಕೋಟೆಯಿಂದ ಗುಂಡು ಬಿತ್ತು. ಹೈದರ್ ಮಾಡಿದ ಮೊದಲ ಕೆಲಸ ಖಂಡೇರಾಯನಿಗೆ ಆಳು ಕಳಿಸಿದ್ದು. ಗುಂಡು ಹೊಡೆಸುತ್ತಿರುವವನೇ ಖಂಡೇರಾಯ ಎಂಬ ಉತ್ತರ ಬಂತು. ಎರಡನೆಯ ಕೆಲಸ, ನದಿಯಲ್ಲಿದ್ದ ಹರಿಗೋಲುಗಳನ್ನೂ ಅಂಬಿಗರನ್ನೂ ತನ್ನ ಕಾವಲಿಗೆ ತೆಗೆದುಕೊಂಡದ್ದು. ತುಂಬಿದ ಹೊಳೆಯಲ್ಲಿ ಹರಿಗೋಲು ಯಾರ ಕೈಲಿದೆಯೋ ದಾಟುವ ಹಕ್ಕು ಅವರದು. ಹಗಲೆಲ್ಲ ಸಂಧಾನದ ಮಾತಾಡಿದ. ಕತ್ತಲಾದ ಮೇಲೆ ಹೊರುವಷ್ಟು ಚಿನ್ನ, ಒಡವೆ, ಕೆಲವೇ ಸವಾರರೊಡನೆ ಉತ್ತರ ದಡ ಸೇರಿದ. ಹೆಂಡತಿ ಮಕ್ಕಳು, ಎಳೆಯ ಟಿಪ್ಪುವೂ, ಹಿಂದೆಯೇ ಉಳಿದರು.

ಖಂಡೇರಾಯನ ತಪ್ಪು ಇಲ್ಲಿದೆ. ಗುಂಡು ಹಾರಿಸಿ ಕೂತ, ಬಿಡಾರದ ಮೇಲೆ ಬೀಳಲಿಲ್ಲ. ಹರಿಗೋಲುಗಳನ್ನು ಹಿಂದಿನ ರಾತ್ರಿಯೇ ಎಳೆದಿಟ್ಟಿದ್ದರೆ ಮೈಸೂರಿನ ಚರಿತ್ರೆ ಬೇರೆಯಾಗುತ್ತಿತ್ತು.

ಹೈದರ್ ನೇರವಾಗಿ ಬೆಂಗಳೂರಿಗೆ ನುಗ್ಗಲಿಲ್ಲ. ಕಿಲ್ಲೇದಾರ ಕಬೀರ್ ಬೇಗ್ ಹಳೆಯ ಗೆಳೆಯ, ಆದರೂ ಅರಮನೆಯ ಆಜ್ಞೆ ಮುಂಚೆ ತಲುಪಿದ್ದರೆ? ಮೊದಲು ಆನೇಕಲ್ಲಿನಲ್ಲಿ ಇಸ್ಮಾಯಿಲ್ ಅಲಿಯ ಬಳಿ ಇಳಿದು, ಅವನನ್ನು ಮುಂದೆ ಕಳಿಸಿ ನೋಡಿದ. ಬೇಗ್ ನಂಬಿಕೆ ಕೆಡಿಸಲಿಲ್ಲ, ಕೋಟೆ ಬಾಗಿಲು ತೆರೆಯಿತು. ಮರುದಿನ ಸಂಜೆಗೆ ಹೈದರ್ ಒಳಗಿದ್ದ. ಖಜಾನೆಯಿಲ್ಲ, ದಂಡಿಲ್ಲ. ಬೆಂಗಳೂರಿನ ಸಾಹುಕಾರರು ಅವನ ಬರೀ ಮಾತಿನ ಮೇಲೆ 4 ಲಕ್ಷ ಸಾಲ ಕೊಟ್ಟರು. ಓಡಿಬಂದವನಿಗೆ ಅಷ್ಟು ಹಣ ಕೊಟ್ಟದ್ದೇಕೆ ಎಂದರೆ, ಹಿಂದಿನ ಸಾಲಗಳಲ್ಲಿ ಅವನು ಮಾತು ತಪ್ಪಿರಲಿಲ್ಲ. ಅವನು ಮುಳುಗಿದರೆ 32 ಲಕ್ಷದ ಬಾಬತ್ತಿನಲ್ಲಿ ಸಾಹುಕಾರರ ಹಣವೂ ಮುಳುಗುತ್ತಿತ್ತು.

ಮರಾಠರನ್ನು ಬಾರಾಮಹಲ್ ಸೀಮೆ ಮತ್ತು ರೊಕ್ಕದ ಮಾತು ಕೊಟ್ಟು ಸಾಗಹಾಕಿದ. ಅವರು ಇಷ್ಟು ಸುಲಭವಾಗಿ ಏಕೆ ಹೊರಟರು ಎಂದು ಅಚ್ಚರಿಪಟ್ಟವನಿಗೆ ಉತ್ತರ ಆಮೇಲೆ ಸಿಕ್ಕಿತು: 1761ರ ಜನವರಿಯಲ್ಲಿ ಪಾಣಿಪತ್ತಿನಲ್ಲಿ ಮರಾಠರ ಸೇನೆ ನೆಲಕಚ್ಚಿತ್ತು.

ಕಳ್ಳಪತ್ರ ಬರೆಸಿ ಯುದ್ಧ ಗೆದ್ದನೆಂಬುದು ನಿಜವೇ? ಖಂಡೇರಾಯನಂಥ ಬುದ್ಧಿವಂತ ಅದನ್ನು ನಂಬಿದ್ದಾದರೂ ಹೇಗೆ? (ಹುಣಸೂರು)

ನಿಜ. ನಡೆದದ್ದು ನಿಮ್ಮ ಹುಣಸೂರಿಗೆ ಹತ್ತಿರದ ಕಟ್ಟೆಮಳಲವಾಡಿಯಲ್ಲಿ. ಮೊದಲು ನಂಜನಗೂಡಿನ ಕಡೆ ಎದುರಾಬದುರು ಕಾದಾಡಿ ಹೈದರ್ ಸೋತಿದ್ದ. ರಾತ್ರೋರಾತ್ರಿ ಸುಮಾರು 200 ಸವಾರರೊಡನೆ ಕೊಣನೂರಿಗೆ ಹೋಗಿ, ತಾನೇ ಕೆಳಗಿಳಿಸಿದ್ದ ನಂಜರಾಜಯ್ಯನ ಕಾಲಿಗೆ ಬಿದ್ದ. ಮುದುಕ ಕರಗಿದ. ತನ್ನ ಹತ್ತಿರ ಇದ್ದ ದಂಡನ್ನೂ, ದಳವಾಯಿ ಎಂಬ ಹೆಸರನ್ನೂ ಕೊಟ್ಟ.

ಮುದ್ರೆ ಇದ್ದದ್ದೂ ನಂಜರಾಜಯ್ಯನ ಬಳಿಯೇ. ಖಂಡೇರಾಯನ ಸರದಾರರ ಹೆಸರಿಗೆ, ‘ಮೊದಲೇ ಆದ ಮಾತಿನಂತೆ ಅವನನ್ನು ಹಿಡಿದು ಒಪ್ಪಿಸಿ, ಇನಾಮು ತಯಾರಿದೆ’ ಎಂಬ ಅರ್ಥದ ಕಾಗದಗಳು ಹೊರಟವು. ಅವು ಸರದಾರರ ಕೈಗೆ ಹೋಗಲೆಂದು ಬರೆದದ್ದಲ್ಲ, ದಾರಿಯಲ್ಲಿ ಖಂಡೇರಾಯನ ಕಾವಲಿಗೆ ಸಿಕ್ಕಿಬೀಳಲೆಂದೇ ಬರೆದದ್ದು. ಮುದ್ರೆ ಸಾಚಾ, ಸರದಾರರು ಹಿಂದೆ ನಂಜರಾಜಯ್ಯನ ಅನ್ನ ಉಂಡವರು. ತಾನೇ ಒಡೆಯನಿಗೆ ತಿರುಗಿಬಿದ್ದವನಿಗೆ ತನ್ನವರೂ ತಿರುಗಿಬೀಳಬಹುದು ಎನ್ನಿಸಲು ಎಷ್ಟು ಹೊತ್ತು? ಖಂಡೇರಾಯ ಸೇನೆ ಬಿಟ್ಟು ಕುದುರೆ ಏರಿ ಶ್ರೀರಂಗಪಟ್ಟಣಕ್ಕೆ ಓಡಿದ. ನಾಯಕನಿಲ್ಲದ ದಂಡಿನ ಮೇಲೆ ಹೈದರ್ ಎರಡು ಕಡೆಯಿಂದ ಬಿದ್ದ. ಸೆರೆ ಸಿಕ್ಕ ಕಾಲಾಳುಗಳನ್ನು ತನ್ನ ಸಂಬಳಕ್ಕೆ ಸೇರಿಸಿಕೊಂಡ.

ಕೊನೆಯ ಆಟ ದ್ವೀಪದ ಎದುರು ದಡದಲ್ಲಿ. ಸಂಧಾನದ ನೆಪದಲ್ಲಿ ದಿನಗಟ್ಟಲೆ ಬೀಡುಬಿಟ್ಟು, ಪ್ರತಿ ಸಂಜೆ ಹೊತ್ತು ಮುಳುಗುವ ತನಕ ಕವಾಯತು ಮಾಡಿಸಿದ. ಆಚೆ ದಡದವರಿಗೆ ಅದು ನೋಡಿ ನೋಡಿ ರೂಢಿಯಾಯಿತು. ಒಂದು ಸಂಜೆ ಕವಾಯತು ಮುಗಿದ ಮೇಲೆ ದಂಡು ಬಿಡಾರಕ್ಕೆ ಮರಳಲಿಲ್ಲ, ಸೀದಾ ಹೊಳೆಗಿಳಿದು ದಾಟಿತು. ಅದು ಬೇಸಿಗೆಯ ಕಾವೇರಿ. ಆಗಸ್ಟಿನಲ್ಲಿ ಹರಿಗೋಲು ಬೇಕಾಗಿದ್ದ ಜಾಗದಲ್ಲಿ ಈಗ ಕಾಲಿಟ್ಟು ನಡೆಯಬಹುದಿತ್ತು.

ಖಂಡೇರಾಯನನ್ನು ಗಿಣಿಯಂತೆ ಪಂಜರದಲ್ಲಿಟ್ಟದ್ದು ದಂತಕಥೆಯಲ್ಲವೇ? (ತುಮಕೂರು)

ಅಲ್ಲ. ಖಂಡೇರಾಯನಿಗೆ ಪ್ರಾಣಭಿಕ್ಷೆ ಕೊಡಬೇಕೆಂದು ಅರಮನೆಯ ಹೆಂಗಸರು ಬೇಡಿಕೊಂಡರು. ಗಿಣಿ ಸಾಕಿದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಹೈದರ್ ಮಾತು ಕೊಟ್ಟ, ಅಕ್ಷರಶಃ ಹಾಗೇ ನಡೆದುಕೊಂಡ. ಕಬ್ಬಿಣದ ಪಂಜರ, ಹಾಲು ಅನ್ನ. ಹತ್ತು ವರ್ಷ ಜತೆಗಿದ್ದು ತನ್ನನ್ನು ಬೆಳೆಸಿದ ಲೆಕ್ಕಿಗನಿಗೆ ಮಾಡಿದ ಈ ಕ್ರೌರ್ಯವನ್ನು ಜಾಣತನವೆಂದು ಮೆಚ್ಚಿ ಬರೆಯುವವರನ್ನು ನಾವು ಒಪ್ಪುವುದಿಲ್ಲ. ಅವನು ಬೆಂಗಳೂರಿನಲ್ಲಿ ಆ ಪಂಜರದಲ್ಲೇ ಸತ್ತ.

1761ರಲ್ಲಿ ಹೈದರಾಲಿ ಮೈಸೂರಿನ ರಾಜನಾದ ಎಂದು ಶಾಲೆಯ ಪುಸ್ತಕದಲ್ಲಿದೆ. ಅರಸರು ಆಮೇಲೂ ಇದ್ದರಲ್ಲ? (ಮೈಸೂರು)

ನಿಮ್ಮ ಅನುಮಾನ ಸರಿ. 1761ರ ಜೂನಿನಲ್ಲಿ ಅವನು ಪಟ್ಟವೇರಲಿಲ್ಲ. ಅರಸರಿಗೆ ಕಳಿಸಿದ ಸಂದೇಶವನ್ನು ಗಮನವಿಟ್ಟು ನೋಡಿ: ಖಂಡೇರಾಯ ನನ್ನ ನೌಕರ, ಅವನನ್ನು ನನಗೆ ಒಪ್ಪಿಸಿ. ಸರ್ಕಾರದಿಂದ ನನಗೆ ದೊಡ್ಡ ಮೊತ್ತ ಬಾಕಿ ಬರಬೇಕು, ಅದನ್ನು ತೀರಿಸಿ. ತೀರಿಸಿದ ಮೇಲೆ ಇರು ಎಂದರೆ ಇರುತ್ತೇನೆ, ಬೇಡವೆಂದರೆ ಬೇರೆ ಕಡೆ ಅನ್ನ ಹುಡುಕಿಕೊಳ್ಳುತ್ತೇನೆ. ಏಳು ವರ್ಷದ ಹುಡುಗನಾಗಿದ್ದಾಗ ಬಾಕಿಯ ಹೆಸರಿನಲ್ಲಿ ಮನೆ ಕಳೆದುಕೊಂಡವನು ಬಾಕಿಯ ಹೆಸರಿನಲ್ಲೇ ರಾಜ್ಯ ಕೇಳಿದ. ತೀರಿಸಲು ಅರಮನೆಯಲ್ಲಿ ಏನಿತ್ತು? ಅರಸರ ಖರ್ಚಿಗೆ ವರ್ಷಕ್ಕೆ 3 ಲಕ್ಷ ಉತ್ಪನ್ನದ ಸೀಮೆ, ನಂಜರಾಜಯ್ಯನಿಗೆ 1 ಲಕ್ಷದ್ದು ಬಿಟ್ಟು, ಉಳಿದ ರಾಜ್ಯದ ಆಡಳಿತವೆಲ್ಲ ಬಾಕಿ ಮತ್ತು ದಂಡಿನ ಖರ್ಚಿನ ಬಾಬತ್ತಿಗೆ ಹೈದರನ ಕೈಸೇರಿತು.

ಇಮ್ಮಡಿ ಕೃಷ್ಣರಾಜರು 1766ರಲ್ಲಿ ತೀರಿಕೊಳ್ಳುವವರೆಗೂ ಅರಸರೇ. ಅವರ ನಂತರವೂ ಒಡೆಯರ ಮನೆತನದವರನ್ನು ಪಟ್ಟದಲ್ಲಿ ಕೂರಿಸಲಾಯಿತು, ದಸರೆಯಲ್ಲಿ ಪ್ರಜೆಗಳಿಗೆ ಅವರ ದರ್ಶನ ಆಗುತ್ತಿತ್ತು. ‘ನವಾಬ’ ಎಂಬ ಮಾತು ಬಂದದ್ದು ಸಿರಾದಿಂದ. ಅದೇ 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಹೊಸಕೋಟೆಗೆ ಮುತ್ತಿಗೆ ಹಾಕಿ ಹಣವಿಲ್ಲದೆ ಒದ್ದಾಡುತ್ತಿದ್ದ. ಆಗ ಮರಾಠರ ಕೈಲಿದ್ದ ಸಿರಾದ ನವಾಬಗಿರಿಯನ್ನು ಅವನು ಹೈದರನಿಗೆ 3 ಲಕ್ಷಕ್ಕೆ ಮಾರಿದ. ಹೈದರ್ ಹಣ ಎಣಿಸಿ, ಆಮೇಲೆ ಊರನ್ನು ಗೆದ್ದುಕೊಂಡ. ಅವನ ತಂದೆ ಯಾವ ಸುಬೇದಾರಿಕೆಯ ಜಗಳದಲ್ಲಿ ಸತ್ತಿದ್ದನೋ ಅದೇ ಸಿರಾ ಅದು.

ಅವನ ಸ್ಥಾನ ನಿಜವಾಗಿ ಏನಾಗಿತ್ತು ಎಂದು ತಿಳಿಯಲು ಅವನ ಚಿನ್ನದ ವರಹವನ್ನು ಕೈಯಲ್ಲಿ ಹಿಡಿದು ನೋಡಬೇಕು. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಹೊರಟ ಈ ಪುಟ್ಟ ನಾಣ್ಯದ ಒಂದು ಮುಖದಲ್ಲಿ, ಹಿಂದಿನ ಇಕ್ಕೇರಿ ವರಹದಲ್ಲಿ ಇದ್ದಂತೆಯೇ, ಶಿವಪಾರ್ವತಿಯರು ಕೂತಿದ್ದಾರೆ. ಪೇಟೆಯಲ್ಲಿ ಚಲಾವಣೆಯಾಗುವ ನಾಣ್ಯದ ರೂಪ ಬದಲಾಯಿಸಿದರೆ ವ್ಯಾಪಾರಿಗಳು ವಟ್ಟ (ಬೆಲೆಯಲ್ಲಿ ಕಡಿತ) ಹಿಡಿಯುತ್ತಾರೆ, ಅದಕ್ಕೇ ಆ ಮುಖವನ್ನು ಮುಟ್ಟಲಿಲ್ಲ. ತಿರುಗಿಸಿದರೆ ಇನ್ನೊಂದು ಮುಖದಲ್ಲಿ ರಾಜನ ಹೆಸರಿಲ್ಲ, ಬಿರುದಿಲ್ಲ. ಚುಕ್ಕಿಗಳ ನಡುವೆ ಒಂದೇ ಒಂದು ಪಾರ್ಸಿ ಅಕ್ಷರ: ಹೈದರ್ ಎಂಬುದರ ‘ಹೆ’.